ಜಗಳದಲ್ಲಿ ನಿಲ್ಲುವ ಅಕ್ಷರ

ಸುಕನ್ಯಳನ್ನು ನಾನು ಮೊದಲು ನೋಡಿದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಮೆಟ್ಟಿಲು ಎಷ್ಟು ಕಿರಿದೆಂದರೆ ಇಳಿಯುವವರು ಎದುರಾದರೆ ಹತ್ತುವವರು ಗೋಡೆಗೆ ಅಂಟಿಕೊಂಡು ನಿಲ್ಲಬೇಕಿತ್ತು. ಮೇಲೆ ಹೋದಾಗ ಬಾಗಿಲ ಹೊರಗೆ ಒಂದೇ ಒಂದು ಜೊತೆ ಚಪ್ಪಲಿ ಕಂಡಿತು. ಕಂದು ಬಣ್ಣದ್ದು, ಹಿಮ್ಮಡಿಯ ಕಡೆ ಸವೆದದ್ದು, ಗೋಡೆಗೆ ಸರಿಯಾಗಿ ಜೋಡಿಸಿಟ್ಟದ್ದು. ಒಳಗೆ ಎಲ್ಲರೂ ಶೂ ಹಾಕಿಕೊಂಡೇ ಕೂತಿದ್ದರು. ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಮಾತ್ರ ಒಬ್ಬ ಹೆಂಗಸು ಬರಿಗಾಲನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡು, ಮಡಿಲಲ್ಲಿ ಊಟದ ಚೀಲ ಇಟ್ಟುಕೊಂಡು ಕೂತಿದ್ದಳು. ವಯಸ್ಸು ಮೂವತ್ತು ದಾಟಿರಬಹುದು. ಹಸಿರು ರವಿಕೆಯ ತೋಳಿನ ತುಂಬ ಜರಿಯ ನವಿಲು. ಪಕ್ಕದ ಕುರ್ಚಿ ಖಾಲಿ ಇದ್ದುದರಿಂದ ನಾನು ಅಲ್ಲಿ ಕೂತೆ.

ಪಾಠ ಹೇಳುವವನ ಹೆಸರು ನರೇಶ್. ಹಿಂದೆ ಕಾಲ್ ಸೆಂಟರಿನಲ್ಲಿದ್ದವನು. ಜೂನ್ ಸೆಕೆಯಲ್ಲೂ ಕೋಟು ತೊಟ್ಟಿದ್ದ. ಇಂಗ್ಲಿಷ್ ಉಚ್ಚಾರಣೆ ತಿದ್ದುವುದು ಅವನ ಕೆಲಸ. ಬಂದವನೇ ಸುಕನ್ಯಳ ಕಾಲು ನೋಡಿದ.

"ಮೇಡಂ, ಚಪ್ಪಲಿ ಹಾಕ್ಕೊಂಡ್ ಬನ್ನಿ. ಇದೇನು ದೇವಸ್ಥಾನಾನಾ?"

"ವಿದ್ಯೆ ಕಲಿಯೋ ಜಾಗ ಅಲ್ವಾ ಸಾರ್" ಎಂದಳು ಸುಕನ್ಯ.

"ಇಲ್ಲಿ ಕಲಿಯೋದು ವಿದ್ಯೆ ಅಲ್ಲ ಮೇಡಂ, ಆಕ್ಸೆಂಟು."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಚಪ್ಪಲಿ ಮಾತ್ರ ತರಲಿಲ್ಲ.

ಅವತ್ತಿನ ಪಾಠ 'ಪ' ಅಕ್ಷರದ್ದು. ಇಂಗ್ಲಿಷಿನವರು ಪದದ ಮೊದಲಲ್ಲಿ ಅದನ್ನು ಹೇಳುವಾಗ ಉಸಿರು ಜೋರಾಗಿ ಬರುತ್ತದೆಯಂತೆ, ನಮ್ಮ ಬಾಯಲ್ಲಿ ಬರುವುದಿಲ್ಲವಂತೆ. ಎಲ್ಲರ ಕೈಗೂ ಒಂದೊಂದು ಕಾಗದದ ಪಟ್ಟಿ ಕೊಟ್ಟು ತುಟಿಯ ಮುಂದೆ ಹಿಡಿದು 'ಪೆನ್' ಅನ್ನಲು ಹೇಳಿದ. ಪಟ್ಟಿ ಅಲ್ಲಾಡಿದರೆ ಸರಿ, ಇಲ್ಲದಿದ್ದರೆ ತಪ್ಪು. ನನ್ನದು ಅಲ್ಲಾಡಲಿಲ್ಲ. ಸುಕನ್ಯ ಗಂಭೀರವಾಗಿ "ಪೆನ್" ಅಂದು, ಪಟ್ಟಿ ನಿಂತೇ ಇರುವುದನ್ನು ನೋಡಿ, ಆಮೇಲೆ ಬೇರೆಯಾಗಿ ಫೂ ಎಂದು ಊದಿದಳು. ಒಲೆ ಊದಿದ ಹಾಗೆ. ಪಟ್ಟಿ ಕೈಬಿಟ್ಟು ಹಾರಿ ನರೇಶನ ಕೋಟಿಗೆ ತಾಗಿತು.

ಪಾಠ ಮುಗಿದ ಮೇಲೆ ಬೇಕರಿಯ ಮುಂದೆ ನಿಂತು ನಾವಿಬ್ಬರೂ ಕೊಬ್ಬರಿ ತುಂಬಿದ ದಿಲ್‌ಪಸಂದ್ ಹಂಚಿಕೊಂಡು ತಿಂದೆವು. ನನ್ನದು ಶ್ರೀನಿವಾಸಪುರದ ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಇಂದಿರಾನಗರದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುತ್ತೇನೆ ಎಂದು ಹೇಳಿಕೊಂಡೆ. ಅವಳು ಗರುಡಾಚಾರ್‌ಪಾಳ್ಯದ ಹಳೇ ಮನೆತನದವಳು. ತಂದೆ ಮುನಿಆಂಜನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಕಾರ್ಖಾನೆಗಳಿವೆ, ಉಳಿದ ತುಂಡಿನಲ್ಲಿ ಬಾಡಿಗೆ ಮನೆಗಳಿವೆ. ಗಂಡ ಜಗನ್ ಮಾವನ ಮನೆಯಲ್ಲೇ ಇದ್ದು ಅದೇ ಊರಿನಲ್ಲಿ ನೀರಿನ ಕ್ಯಾನ್ ವ್ಯಾಪಾರ ಮಾಡುತ್ತಾನೆ. ಊಟಕ್ಕೆ ಕೊರತೆಯಿಲ್ಲದ ಮನೆ.

"ಮತ್ತೆ ಈ ವಯಸ್ನಲ್ಲಿ ಕ್ಲಾಸ್ ಯಾಕಕ್ಕ?" ಎಂದೆ.

"ನಮ್ಮಮ್ಮನ್ನ ಆಸ್ಪತ್ರೆಗೆ ಸೇರ್ಸಿದಾಗ ಕೌಂಟರಲ್ಲಿದ್ದ ಹುಡ್ಗಿ ನನ್ ಕಡೆ ತಿರುಗಿ ಕೂಡ ನೋಡ್ಲಿಲ್ಲ ಕಣೇ. ಇಂಗ್ಲಿಷಲ್ಲಿ ಕೇಳ್ದೋರ್ಗೆ ಮೊದ್ಲು ಉತ್ರ. ಆ ಕುರ್ಚೀಲಿ ನಾನ್ ಕೂತ್ಕೋಬೇಕು. ಪಿಯುಸಿ ಆಗಿದೆ, ಕಂಪ್ಯೂಟರ್ ಬರುತ್ತೆ. ಬಾಯಿ ಒಂದು ಸರಿಯಾಗ್ಬೇಕು."

ಬಾಯಿಗೆ ಬಾರದ ಅಕ್ಷರಗಳು ಇಬ್ಬರಿಗೂ ಹೆಚ್ಚುಕಡಿಮೆ ಅವೇ. ತುಟಿಗಳೆರಡನ್ನೂ ಮುಚ್ಚಿ ಬಿಡದೆ, ಕೆಳತುಟಿಯ ಮೇಲೆ ಹಲ್ಲಿಟ್ಟು ಗಾಳಿ ಬಿಡುವ 'ಫ಼'. ಜೇನು ಗುಂಯ್‌ಗುಡುವ ಹಾಗೆ ಹೇಳುವ 'ಜ಼'. ಕನ್ನಡದಲ್ಲಿ ಇವಕ್ಕೆ ಅಡಿಯಲ್ಲಿ ಚುಕ್ಕೆ ಇಡುತ್ತೇವೆ. ಚುಕ್ಕೆ ಕಾಗದದ ಮೇಲೆ ಉಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಆಮೇಲೆ 'ವ್ಯಾನ್' ಅನ್ನುವ ವ, 'ವೈಟ್' ಅನ್ನುವ ವ ಬೇರೆ ಬೇರೆಯಂತೆ. ನಮ್ಮ ಕಡೆ ಎರಡಕ್ಕೂ ಒಂದೇ.

ಒಂದು ದಿನ ನರೇಶ್ ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಒಂದು ವಿಳಾಸ ಓದಿಸಿ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡ. "ಪ್ರಾಕ್ಟೀಸ್‌ಗೆ. ನಿಮ್ ಮಿಸ್ಟೇಕ್ ನೀವೇ ನೋಡ್ಕೋಬೇಕು" ಎಂದಿದ್ದ. ಸುಕನ್ಯ ಓದಿದ್ದು ಹೀಗೆ: "ಪ್ಲಾಟ್ ನಂಬರ್ ಪಿಪ್ಟಿ ಪೈವ್, ಪಸ್ಟ್ ಪ್ಲೋರ್."

ಮುಂದಿನ ವಾರ ಅದು ರೀಲ್ ಆಗಿ ಎಲ್ಲರ ಮೊಬೈಲಿಗೆ ಬಂತು. ಅವಳ ಬಾಯಿಯನ್ನು ದೊಡ್ಡದು ಮಾಡಿ, ನಿಧಾನ ಮಾಡಿ, ಹಿಂದೆ ಕತ್ತೆ ಕೂಗುವ ಸದ್ದು ಸೇರಿಸಿದ್ದ. ಅದಾದ ಮೇಲೆ ನಮ್ಮ ತರಗತಿಯಲ್ಲೇ ಇಲ್ಲದ ಒಬ್ಬ ಹುಡುಗಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾಳೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಕಾಮಿಡಿಯಿಂದ ಕಾನ್ಫಿಡೆನ್ಸ್‌ಗೆ' ಎಂದು ಬರೆದಿತ್ತು. ಕೆಳಗೆ ಕ್ಲಾಸಿನ ಫೋನ್ ನಂಬರು.

ಗರುಡಾಚಾರ್‌ಪಾಳ್ಯದಲ್ಲಿ ಅವಳ ಹೆಸರು 'ಪಿಪ್ಟಿ ಅಕ್ಕ' ಆಯಿತು. ಜಗನ್‌ಗೆ ಫೋನ್ ಮಾಡಿದವರು "ಅಣ್ಣಾ, ಒಂದು ಪಿಪ್ಟಿ ಪೈವ್ ಕ್ಯಾನ್ ಕಳ್ಸಿ" ಅನ್ನತೊಡಗಿದರು. ಬಾಡಿಗೆಯವರ ಮಕ್ಕಳು ಮೆಟ್ಟಿಲ ಮೇಲೆ ಆಡುತ್ತಾ "ಪಸ್ಟ್ ಪ್ಲೋರ್, ಪಸ್ಟ್ ಪ್ಲೋರ್" ಎಂದು ಕುಣಿಯುತ್ತಿದ್ದವು. ಅವನ್ನೆಲ್ಲ ಸುಕನ್ಯ ನುಂಗಿಕೊಂಡಳು. ನುಂಗಲಾಗದ್ದು ಆಮೇಲೆ ನಡೆಯಿತು. ಇಂದಿರಾನಗರದ ಒಂದು ಆಸ್ಪತ್ರೆಯವರು ಅವಳನ್ನು ಸಂದರ್ಶನಕ್ಕೆ ಕರೆದರು. ಒಳಗೆ ಕೂತಿದ್ದ ಹೆಂಗಸು ಇವಳ ಮುಖ ನೋಡಿದಳು, ಇನ್ನೊಮ್ಮೆ ನೋಡಿದಳು, "ಒಂದ್ನಿಮಿಷ" ಎಂದು ಎದ್ದು ಹೋದಳು. ಬಾಗಿಲ ಸಂದಿಯಲ್ಲಿ ಬೇರೆ ಮುಖಗಳು ಇಣುಕಿದವು. ತಿರುಗಿ ಬಂದವಳು ಏನನ್ನೂ ಕೇಳದೆ "ನಾವೇ ಕಾಲ್ ಮಾಡ್ತೀವಿ" ಎಂದಳು. ಸುಕನ್ಯ ಹೊರಗೆ ಬಂದು ಲಿಫ್ಟಿಗೆ ಕಾಯುತ್ತಿದ್ದಾಗ ಕೌಂಟರಿನ ಹಿಂದಿನಿಂದ ತನ್ನದೇ ದನಿ ಕೇಳಿಸಿತು. ಹಿಂದೆಯೇ ಕತ್ತೆ.

ಮಾರನೆಯ ದಿನ ಅವಳು ಕ್ಲಾಸಿಗೆ ಬಂದು ಎಲ್ಲರ ಮುಂದೆಯೇ ನರೇಶನನ್ನು ಕೇಳಿದಳು.

"ಸಾರ್, ಅದನ್ನ ತೆಗೀರಿ. ನಂಗ್ ಸಿಗ್ಬೇಕಾಗಿದ್ದ ಕೆಲ್ಸ ಹೋಯ್ತು."

"ಅಕ್ಕಾ, ನಿಮ್ಮನ್ನ ಫೇಮಸ್ ಮಾಡಿದೀನಿ. ನೀವು ಥ್ಯಾಂಕ್ಸ್ ಹೇಳ್ಬೇಕು."

"ತೆಗೀರಿ ಸಾರ್."

"ಆಯ್ತು, ತೆಗೀತೀನಿ. ಆ ಫಿಫ್ಟಿ ಫೈವ್ ಒಂದ್ಸಲ ಕರೆಕ್ಟಾಗಿ ಹೇಳ್ಬಿಡಿ, ಈಗ್ಲೇ ಡಿಲೀಟ್. ಪ್ರಾಮಿಸ್." ಹೇಳುತ್ತಲೇ ಮೊಬೈಲ್ ಎತ್ತಿ ಅವಳ ಮುಖಕ್ಕೆ ಹಿಡಿದ.

ಸುಕನ್ಯ ಕೆಳತುಟಿಯನ್ನು ಹಲ್ಲಿನಲ್ಲಿ ಒತ್ತಿದಳು. ತುಟಿ ಬೆಳ್ಳಗಾಯಿತು. ಗಾಳಿ ಬಂತು. ಗಾಳಿಯ ಬೆನ್ನಿಗೆ ತುಟಿ ಮುಚ್ಚಿಕೊಂಡು 'ಪಿ' ಬಂತು. ಇಡೀ ಕ್ಲಾಸು ನಕ್ಕಿತು. ಅವಳು ಹೊರಗೆ ಹೋಗಿ, ಬಗ್ಗಿ, ಚಪ್ಪಲಿ ಮೆಟ್ಟಿಕೊಂಡಳು. ನಾನು ಹಿಂದೆಯೇ ಹೋದೆ. ಮೆಟ್ಟಿಲ ಮಧ್ಯದಲ್ಲಿ ನಿಂತು ಅವಳು ಹೇಳಿದ್ದು ನನಗೆ ಇನ್ನೂ ಕೇಳಿಸಿದ ಹಾಗಿದೆ:

"ಯಮುನಾ, ಇವ್ನ ಮಾನ ಕಳೀಬೇಕು. ಈ ಅಕ್ಷರದಲ್ಲೇ ಕಳೀಬೇಕು. ಬೇರೆ ಯಾವ್ದ್ರಲ್ಲೂ ನಂಗ್ ಬೇಡ."

ಜಗನ್ ಅದಕ್ಕಿಂತ ಸುಲಭದ ದಾರಿ ಹೇಳಿದ. "ನಮ್ ಕ್ಯಾನ್ ಹುಡುಗ್ರನ್ನ ಕಳಿಸ್ತೀನಿ. ಮೆಟ್ಲಿಳಿಯೋವಾಗ ಹಿಡ್ಕೊಂಡು ನಾಲ್ಕು ಬಿಡ್ತಾರೆ."

"ಹೊಡ್ಸಿದ್ರೆ ಆಸ್ಪತ್ರೇಲ್ ಮಲ್ಕೊಂಡು ಇಂಗ್ಲಿಷಲ್ಲೇ ನರಳ್ತಾನೆ ರೀ" ಎಂದಳು ಸುಕನ್ಯ. "ನರ್ಸುಗಳೆಲ್ಲ ಎಷ್ಟ್ ಚೆನ್ನಾಗ್ ನರಳ್ತಾನೆ ಅಂತಾರೆ. ಬೇಡ." ಪೊಲೀಸಿಗೆ ಹೇಳೋಣ ಎಂದು ನಾನು ಅಂದೆ. ದೂರು ಕೊಡಬೇಕಾದರೆ ಮೊದಲು ಅವರಿಗೆ ಆ ರೀಲ್ ತೋರಿಸಬೇಕಲ್ಲ ಎಂದು ಅದಕ್ಕೂ ಒಪ್ಪಲಿಲ್ಲ.

ದಾರಿ ಸಿಕ್ಕಿದ್ದು ಶಿವಾಜಿನಗರದಲ್ಲಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ವಾಜಿದಾ ಎಂಬವರ ಅಂಗಡಿ ಇದೆ. ರವಿಕೆಗೆ ಜರಿ ಕೆಲಸ ಮಾಡಿಕೊಡುತ್ತಾರೆ. ಸುಕನ್ಯಳ ತೋಳಿನ ನವಿಲು ಅಲ್ಲಿಯದೇ. ಸ್ಕೂಟರಿನಲ್ಲಿ ಒಂದು ದಿನ ಅವಳ ಜೊತೆ ನಾನೂ ಹೋದೆ. ವಾಜಿದಾ ಚೌಕಟ್ಟಿಗೆ ಬಿಗಿದ ಬಟ್ಟೆಯ ಮುಂದೆ ಕೂತು ಸೂಜಿ ಆಡಿಸುತ್ತಿದ್ದರು. ಸುಕನ್ಯ ರೀಲ್ ತೋರಿಸಿದಳು. ವಾಜಿದಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀವೂ ನಗ್ತೀರಾ ಆಪಾ?"

"ನಗು ಬಂದ್ರೆ ನಾನೇನ್ ಮಾಡ್ಲಿ ಮಾ? ಕತ್ತೆ ಒಳ್ಳೇ ಟೈಮಿಗೆ ಕೂಗುತ್ತೆ." ಕಣ್ಣೊರೆಸಿಕೊಂಡರು. "ಏನು, ಫ಼ ಬರಲ್ಲ, ಜ಼ ಬರಲ್ಲ, ಇಷ್ಟೇನಾ? ಈ ಗಲ್ಲೀಲಿ ಮಕ್ಳು ಹಲ್ಲು ಬರೋಕ್ ಮುಂಚೆ ಇದನ್ನ ಅಂತಾವೆ. ಜ಼ರಿ ಅನ್ನು."

"ಜರಿ."

"ಅದು ಜರಿ, ಹೊಲದಲ್ಲಿರೋ ಹುಳ. ನಾನ್ ಹಾಕೋದು ಜ಼ರಿ."

"ಹೇಳ್ಕೊಡ್ತೀರಾ?"

"ಪಾಠ ಗೀಠ ನಂಗ್ ಗೊತ್ತಿಲ್ಲ. ಬಂದು ಕೌಂಟರಲ್ಲಿ ಕೂತ್ಕೊ. ಗಿರಾಕಿ ಬಂದ್ರೆ ನೀನ್ ಜಗಳ ಆಡು. ನಮ್ ಬಾಷೇಲೇ ಆಡ್ಬೇಕು. ಸುಮ್ನೆ ಕೂತಾಗ ಯಾರ್ ಬೇಕಾದ್ರೂ ಅಂತಾರೆ. ಕೋಪದಲ್ಲೂ ಬಂತು ಅಂದ್ರೆ ಅವಾಗ್ ಅದು ನಿಂದು."

ಹೀಗೆ ಸುಕನ್ಯಳ ನಿಜವಾದ ಕ್ಲಾಸು ಶುರುವಾಯಿತು. ವಾರದಲ್ಲಿ ಬಿಡುವಾದಾಗಲೆಲ್ಲ ಆ ಕೌಂಟರಿನಲ್ಲಿ ಕೂತು ಆ ಗಲ್ಲಿಯ ಉರ್ದುವಾದ ದಖನಿಯಲ್ಲಿ ಚೌಕಾಸಿಯ ಜಗಳ ಆಡುವುದು. ಚೌಕಾಸಿಗೆ ಅಲ್ಲಿ ಒಂದು ಕ್ರಮವಿದೆ. ದನಿ ಏರಿಸುವುದು ಗಿರಾಕಿಯ ಹಕ್ಕು. ಅಂಗಡಿಯವರು ಜಾಗದಿಂದ ಅಲ್ಲಾಡದೆ, ಅದೇ ಮಾತನ್ನು ಪ್ರತಿ ಸಲ ಇನ್ನೂ ತಗ್ಗಿಸಿ ಹೇಳಬೇಕು. ಗಿರಾಕಿಗೆ ರೇಗಿ ರೇಗಿ ಸಾಕಾಗಬೇಕು. ಎಲ್ಲ ಮುಗಿದ ಮೇಲೆ ಯಾರೇ ಗೆದ್ದರೂ ವಾಜಿದಾ ಗಿರಾಕಿಗೆ ಚಹಾ ತರಿಸುತ್ತಾರೆ.

ಅಂಬ್ರೀನ್ ಎಂಬ ಹಳೇ ಗಿರಾಕಿಗೆ ಇದು ಒಳ್ಳೇ ಆಟವಾಯಿತು. ಬಂದವಳೇ ಕೇಳುತ್ತಿದ್ದಳು: "ಯೇ ಕ್ಯಾ ಹೈ?"

"ಜರಿ."

"ಜರಿ ನಕ್ಕೋ. ಜ಼ರಿ ಹೈ ತೋ ದೇವ್." ಜರಿ ಬೇಡ, ಜ಼ರಿ ಇದ್ದರೆ ಕೊಡು ಎಂದು ಎದ್ದು ಬಾಗಿಲವರೆಗೆ ಹೋಗುತ್ತಿದ್ದಳು. ಸುಕನ್ಯ ಹಿಂದಿನಿಂದ ಕೂಗುತ್ತಿದ್ದಳು: "ಜಬರ್ದಸ್ತಿ ಕ್ಯಾ?" ಅಂಬ್ರೀನ್ ತಿರುಗದೆ, "ಜಬರ್ದಸ್ತಿ ನಹೀಂ, ಜ಼ಬರ್ದಸ್ತಿ!" ಅನ್ನುತ್ತಿದ್ದಳು. ಬಿಟ್ಟಿ ಕೇಳುವವರಿಗೆ "ಫ಼ುಕಟ್ ಮೇ ನಕ್ಕೋ ಪೂಛೋ" ಎಂದು ಹೇಳಬೇಕು. ನಮ್ಮ ಪುಕ್ಕಟೆ ಅಲ್ಲಿ ಫ಼ುಕಟ್. ಸುಕನ್ಯ ಅದನ್ನು ಎಷ್ಟು ಸಲ ಪುಕಟ್ ಮಾಡಿದಳೋ ಲೆಕ್ಕವಿಲ್ಲ. ಆದರೆ ಒಂದು ಮಧ್ಯಾಹ್ನ, ಯಾವನೋ ನಿಜವಾಗಿ ಒರಟಾಗಿ ಮಾತಾಡಿದವನ ಮೇಲೆ ಅವಳಿಗೆ ನಿಜವಾಗಿ ಕೋಪ ಬಂತು. "ಜ಼ರಾ ತಮೀಜ಼್ ಸೇ ಬಾತ್ ಕರೋ! ಫ಼ುಕಟ್ ಮೇ ನಹೀಂ ಮಿಲ್ತಾ!" ಎಂದಳು. ಸ್ವಲ್ಪ ಮರ್ಯಾದೆಯಿಂದ ಮಾತಾಡು, ಬಿಟ್ಟಿ ಸಿಗುವುದಿಲ್ಲ ಅಂತ. ವಾಜಿದಾ ಸೂಜಿ ನಿಲ್ಲಿಸಿ ತಲೆ ಎತ್ತಿದರು. ಬೈಸಿಕೊಂಡವನಿಗೇ ಅವತ್ತು ಚಹಾ ಜೊತೆ ಸಮೋಸಾ ಕೂಡ ಸಿಕ್ಕಿತು.

ಅಕ್ಷರ ಬಂದದ್ದೇನೋ ಬಂತು, ಆಮೇಲೆ ಎಲ್ಲೆಂದರಲ್ಲಿ ಬರತೊಡಗಿತು. ಮನೆಯಲ್ಲಿ ತಂದೆಗೆ "ಅಪ್ಪಾ, ಮಜ಼್ಜಿಗೆ ಕುಡೀರಿ" ಅಂದಳಂತೆ. ಮುನಿಆಂಜನಪ್ಪ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದ್ಕೂ ಜರಿ ಹಾಕ್ಬಿಟ್ಯಾ ತಾಯಿ?" ಅಂದರಂತೆ. ಎಲ್ಲಿ ಬೇಕೋ ಅಲ್ಲಿ ಮಾತ್ರ ಇಡುವುದನ್ನು ಕಲಿಯಲು ಮತ್ತಷ್ಟು ಕಾಲ ಬೇಕಾಯಿತು.

ಎರಡು ಬಗೆಯ 'ವ' ವಾಜಿದಾ ಬಾಯಲ್ಲೂ ಇರಲಿಲ್ಲ. ಅದನ್ನು ಸ್ಕೂಟರಿನ ಕನ್ನಡಿಯಲ್ಲಿ ಕಲಿತಳು. ಹಲಸೂರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ, ತುಟಿ ದುಂಡಗೆ ಮಾಡಿ "ವೈಟ್", ಹಲ್ಲು ತಾಗಿಸಿ "ವ್ಯಾನ್". ಪಕ್ಕದ ಆಟೋದವನು, "ಏನಕ್ಕಾ, ಹಲ್ಲುನೋವಾ?" ಎಂದು ಕೇಳಿದ್ದ. 'ಥ್ಯಾಂಕ್ಸ್'ನಲ್ಲಿ ಬರುವ, ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಹೇಳುವ ಇನ್ನೊಂದು ಅಕ್ಷರವನ್ನು ಮಾತ್ರ ಕೈಬಿಟ್ಟಳು. "ಅದಿಲ್ದೇನೂ ಜನ ಬದುಕ್ತಾರೆ. ನಂಗೆ ಅವನ ಮೇಲೆ ಬಿಡೋಕೆ ಫ಼ ಸಾಕು."

ಆದರೆ ಬಿಡುವುದು ಹೇಗೆ? ಎದುರಿಗೆ ಹೋಗಿ ಸರಿಯಾಗಿ ಹೇಳಿದರೆ ಅವನು ರೀಲ್ ಅಳಿಸಬಹುದು. ಅಷ್ಟೇ. ಅವಳಿಗೆ ಬೇಕಾಗಿದ್ದುದು ಅಷ್ಟೇ ಅಲ್ಲ. ಅವಳು ಎಷ್ಟು ಜನರ ಮುಂದೆ ನಗೆಪಾಟಲಾಗಿದ್ದಳೋ ಅಷ್ಟು ಜನರ ಮುಂದೆ ಅವನೂ ಆಗಬೇಕಿತ್ತು.

ಒಂದು ಸಂಜೆ ಮಾರ್ಕೆಟ್ ರಸ್ತೆಯ ಅದೇ ಬೇಕರಿಯಲ್ಲಿ ನಾವು ನಿಂತಿದ್ದಾಗ ಕ್ಲಾಸಿನ ಮೆಟ್ಟಿಲ ಕೆಳಗೆ ಗಲಾಟೆ ಕೇಳಿತು. ಮುನಿವೆಂಕಟಪ್ಪ ಎಂಬ ಮುದುಕರು ಅಲ್ಲಿ ತಳ್ಳುಗಾಡಿಯಲ್ಲಿ ಹೂ ಮಾರುತ್ತಾರೆ. ನರೇಶ್ ಅವರ ಮೇಲೆ ಎಗರಾಡುತ್ತಿದ್ದ.

"ಎಷ್ಟ್ ಸಲ ಹೇಳೋದ್ ನಿಂಗೆ? ಆಪೀಸ್ ಮುಂದೆ ಗಾಡಿ ಹಾಕ್ಬೇಡ ಅಂತ! ಪಸ್ಟು ತೆಗಿ! ಪೋನ್ ಮಾಡ್ತೀನಿ ನೋಡು ಈಗ!"

ಸುಕನ್ಯ ಬನ್ನು ಕಚ್ಚಿದವಳು ಹಾಗೇ ನಿಂತಳು. "ಕೇಳುಸ್ತಾ?"

"ಏನು?"

"ಪಸ್ಟು ಅಂದ. ಆಪೀಸು ಅಂದ. ಪೋನು ಅಂದ." ಅವಳ ಕಣ್ಣು ಹೊಳೆಯುತ್ತಿತ್ತು. "ಕೋಪ ಬಂದ್ರೆ ಅವ್ನದ್ದೂ ಉದುರೋಗುತ್ತೆ ಕಣೇ."

ನರೇಶ್ ಮೇಲೆ ಹೋದ ಮೇಲೆ ಅವಳು ಮಲ್ಲಿಗೆ ಕೊಳ್ಳುವ ನೆಪದಲ್ಲಿ ಮುನಿವೆಂಕಟಪ್ಪನವರನ್ನು ಮಾತಿಗೆಳೆದಳು.

"ಅವ್ನಾ? ನಮ್ಮೋನೇ ಕಣಮ್ಮ. ಕೆ.ಆರ್. ಪುರದ ಅಂಜನಮೂರ್ತಿ ಮಗ. ಅವರಪ್ಪನೂ ನಾನೂ ಒಟ್ಗೆ ಹೂವಿನ ಗಾಡಿ ತಳ್ದೋರು. ಅಂಜನಮೂರ್ತಿ ಇವತ್ಗೂ ಸಂತೆ ಹತ್ರ ಗಾಡಿ ಹಾಕ್ತಾನೆ. ಇವ್ನಿಗೆ ಈಗ ಹೂವು ಕಂಡ್ರೆ ಆಗಲ್ಲ."

ಇದನ್ನು ಕೇಳಿ ಸುಕನ್ಯ ಮೆತ್ತಗಾಗುತ್ತಾಳೆ ಎಂದುಕೊಂಡೆ. ಆದದ್ದು ತಿರುಗುಮುರುಗು. ಸ್ಕೂಟರಿನ ಹಿಂದೆ ಕೂತ ನನಗೆ ಗಾಳಿಯಲ್ಲಿ ತುಂಡುತುಂಡಾಗಿ ಕೇಳಿಸಿತು: "ಹೊರಗ್ನೋನಾಗಿದ್ರೆ ಬಿಟ್ಬಿಡ್ತಿದ್ದೆನೇನೋ. ನಮ್ ಬಾಯೇ ಇಟ್ಕೊಂಡು ನಮ್ ಬಾಯ್ನೇ ನೋಡಿ ನಕ್ಕಿದಾನಲ್ಲ ಯಮುನಾ."

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ನರೇಶ್ ಉಚಿತ ಪ್ರದರ್ಶನ ಪಾಠ ಇಟ್ಟುಕೊಂಡಿದ್ದ. ತಾರಸಿಯ ಮೇಲೆ ಶಾಮಿಯಾನ, ದೊಡ್ಡ ಟಿ.ವಿ., ಮೈಕು. ಮಕ್ಕಳನ್ನು ಕರೆದುಕೊಂಡು ತಂದೆತಾಯಂದಿರು ಬಂದಿದ್ದರು. ಕೆಲಸ ಹುಡುಕುವ ಹುಡುಗ ಹುಡುಗಿಯರು ಬಂದಿದ್ದರು. ಸುಕನ್ಯ ಮಧ್ಯದ ಸಾಲಿನಲ್ಲಿ ಕೂತಳು. ನಾನು ಪಕ್ಕದ ಗೋಡೆಗೆ ಒರಗಿ, ಅವಳು ಹೇಳಿದಂತೆ ಮೊಬೈಲ್ ಹಿಡಿದು ನಿಂತೆ.

ಕಾರ್ಯಕ್ರಮ ಶುರುವಾದದ್ದೇ ಅವಳ ರೀಲಿನಿಂದ. ಟಿ.ವಿ.ಯ ತುಂಬ ಅವಳ ಬಾಯಿ. ಕತ್ತೆ ಕೂಗಿತು. ಶಾಮಿಯಾನ ಹಾರಿಹೋಗುವ ಹಾಗೆ ಜನ ನಕ್ಕರು. ನಗು ಇಳಿಯುವ ಮೊದಲೇ ಸುಕನ್ಯ ಎದ್ದು ನಿಂತಳು.

"ಗುಡ್ ಮಾರ್ನಿಂಗ್. ದಟ್ ಫ಼ೇಸ್ ಇಜ಼್ ಮೈನ್. ಪ್ಲೀಜ಼್ ರಿಮೂವ್ ಇಟ್."

ಜನ ಟಿ.ವಿ. ನೋಡಿದರು, ಅವಳನ್ನು ನೋಡಿದರು. ಸದ್ದು ನಿಂತಿತು. ಆದರೆ ನರೇಶ್ ಚುರುಕು. ಕೈ ಅಗಲಿಸಿ ಮೈಕಿನಲ್ಲಿ ಹೇಳಿದ: "ವಾವ್! ಗಯ್ಸ್, ನೋಡಿದ್ರಾ? ಟಿ.ವಿ.ಯಲ್ಲಿರೋದು ಇವ್ರೇ! ಇದು ನಮ್ ಟ್ರೈನಿಂಗ್! ಒಂದ್ ದೊಡ್ ಚಪ್ಪಾಳೆ ಬರ್ಲಿ!"

ಚಪ್ಪಾಳೆ ಬಂತು. ಇಷ್ಟು ದಿನದ ಜಗಳ, ಜ಼ರಿ, ಸಿಗ್ನಲ್ಲು ಎಲ್ಲವೂ ಒಂದೇ ಚಪ್ಪಾಳೆಯಲ್ಲಿ ಅವನ ಜಾಹೀರಾತಾಗಿಬಿಟ್ಟಿತ್ತು. ಸುಕನ್ಯ ಕೂರಲಿಲ್ಲ. ಚಪ್ಪಾಳೆ ಮುಗಿಯಲಿ ಎಂದು ಕಾದಳು.

"ಪ್ಲೀಜ಼್ ರಿಮೂವ್ ಇಟ್" ಎಂದಳು, ಮೊದಲಿಗಿಂತ ಮೆಲ್ಲಗೆ.

"ಶೂರ್ ಶೂರ್. ಆಫ್ಟರ್ ದ ಪ್ರೋಗ್ರಾಮ್. ಕೂತ್ಕೊಳ್ಳಿ ಅಕ್ಕ."

"ಪ್ಲೀಜ಼್ ರಿಮೂವ್ ಇಟ್." ಇನ್ನೂ ಮೆಲ್ಲಗೆ. ಈಗ ಅವಳ ಮಾತು ಕೇಳಿಸಿಕೊಳ್ಳಲು ಜನ ತಾವಾಗಿಯೇ ಸುಮ್ಮನಾದರು.

"ಅಕ್ಕಾ, ನಾನ್ ಕಲಿಸಿದ್ ಇಂಗ್ಲಿಷಲ್ಲಿ ನಂಗೇ ಬುದ್ಧಿ ಹೇಳ್ತೀರಾ?"

"ನೀವ್ ಕಲಿಸ್ಲಿಲ್ಲ ಸಾರ್" ಎಂದು ಅವಳು ಕನ್ನಡಕ್ಕೆ ಬಂದಳು. "ನಾನು ಶಿವಾಜಿನಗರದ ಬ್ಲೌಸ್ ಅಂಗ್ಡೀಲಿ ಕಲ್ತೆ. ಹೇಳ್ಕೊಳ್ಳೋಕೆ ನಂಗ್ ನಾಚ್ಕೆ ಇಲ್ಲ. ನೀವ್ ಎಲ್ ಕಲ್ತ್ರಿ ಅಂತ ಇವ್ರಿಗೆಲ್ಲಾ ಹೇಳಿ. ಕೆ.ಆರ್. ಪುರದಲ್ಲಿ ನಿಮ್ಮಪ್ಪ ಅಂಜನಮೂರ್ತಿಯವರ ಹೂವಿನ ಗಾಡೀಲಂತೂ ಕಲೀಲಿಲ್ಲ ಅಲ್ವಾ?"

ನರೇಶ್ ಕೋಟಿನ ಗುಂಡಿ ಹಿಡಿದುಕೊಂಡ. ಆಮೇಲೆ ಅವನಿಗೆ ಮೈಕು ಬಾಯಿಯ ಹತ್ತಿರ ಇದೆಯೆಂಬುದೇ ಮರೆತುಹೋಯಿತು.

"ಏಯ್! ನಮ್ಮಪ್ಪನ್ ಸುದ್ದಿಗ್ ಬಂದ್ರೆ ಸರಿಗಿರಲ್ಲ! ಪಸ್ಟು ನನ್ ಆಪೀಸಿಂದ ಆಚೆ ನಡಿ! ಪ್ರೀ ಡೆಮೋ ಅಂದ್ರೆ ಯಾವಳ್ ಬೇಕಾದ್ರೂ ಬರೋದಾ? ಪೋನ್ ಮಾಡ್ತೀನಿ ನೋಡು, ಪೈವ್ ಮಿನಿಟಲ್ಲಿ ಎಳ್ಕೊಂಡ್ ಹೋಗ್ತಾರೆ!"

ಮೈಕು ಅವೆಲ್ಲವನ್ನೂ ತಾರಸಿಯ ಆಚೆ, ಕೆಳಗಿನ ರಸ್ತೆಯವರೆಗೂ ತಲುಪಿಸಿತು. ಕೊನೆಗೆ ಒಮ್ಮೆ 'ಕ್ಯಾಂ' ಎಂದು ಕಿರುಚಿತು. ಆಮೇಲೆ ಮುಂದಿನ ಸಾಲಿನ ಮಗುವೊಂದು ತಾಯಿಯನ್ನು ಕೇಳಿತು: "ಮಮ್ಮೀ, ಪೈವ್ ಅಂದ್ರೇನು?" ಅಲ್ಲಿಂದ ನಗು ಶುರುವಾಯಿತು. ಮೊದಲಿನ ನಗುವಿಗಿಂತ ಅದು ದೊಡ್ಡದಾಗಿತ್ತು.

ಸುಕನ್ಯ ಮಾತ್ರ ನಗಲಿಲ್ಲ. "ಫ಼ೈವ್, ಸಾರ್. ಹಲ್ಲು ಕೆಳತುಟಿ ಮೇಲೆ" ಎಂದು ಹೇಳಿ ಮೆಟ್ಟಿಲಿಳಿದಳು. ಅವಳ ಹಿಂದೆ ತಂದೆತಾಯಂದಿರು ಒಬ್ಬೊಬ್ಬರಾಗಿ ಎದ್ದರು.

ಕೆಳಗೆ ಸ್ಕೂಟರಿನ ಹತ್ತಿರ ಅವಳು ಕೈ ಚಾಚಿದಳು. ನಾನು ತೆಗೆದದ್ದನ್ನು ಕಳಿಸಿದೆ. ಸಂಜೆಯ ಹೊತ್ತಿಗೆ ಅದು ರೀಲ್ ಆಗಿತ್ತು. ಮೇಲಿನ ಬರಹ ಅವನದೇ: 'ಕಾಮಿಡಿಯಿಂದ ಕಾನ್ಫಿಡೆನ್ಸ್‌ಗೆ'. ಮೊದಲು ಅವನು, ಆಮೇಲೆ ಅವಳು. ಕತ್ತೆಯನ್ನು ಅವಳು ಹಾಕಲಿಲ್ಲ. "ಬೇಕಾಗಿಲ್ಲ. ಅವ್ನ್ ದನಿ ಸಾಕು" ಎಂದಳು.

ನರೇಶ್ ಅವತ್ತೇ ಅವಳ ರೀಲ್ ಅಳಿಸಿದ. ಆದರೆ ಇವಳದ್ದು ಅಷ್ಟರಲ್ಲಿ ಮಹದೇವಪುರ, ಕೆ.ಆರ್. ಪುರ, ಹೂಡಿ ಎಲ್ಲ ಸುತ್ತಿಯಾಗಿತ್ತು. ಹೊಸ ಬ್ಯಾಚಿಗೆ ಜನ ಬರಲಿಲ್ಲ. ಇದ್ದವರು ಪಾಠದ ಮಧ್ಯೆ ಪಿಸಪಿಸ ಅನ್ನುತ್ತಿದ್ದರು. ದಸರೆಯ ಹೊತ್ತಿಗೆ ಬೋರ್ಡು ಇಳಿಯಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುವವರಿದ್ದಾರೆ.

ವಾಜಿದಾ ರೀಲನ್ನು ಕೊನೆಯವರೆಗೆ ನೋಡಿದರು. ಈ ಸಲ ನಗಲಿಲ್ಲ. "ಬಾಪ್ ಕೋ ಕೈಕು ಲಾಯೀ ಬೀಚ್ ಮೇ?" ಎಂದರು, ಅಪ್ಪನನ್ನು ಯಾಕೆ ನಡುವೆ ಎಳೆದೆ ಎಂದು. "ಗಿರಾಕಿ ಮಾಲಿನ ಮೇಲೆ ಏನ್ ಬೇಕಾದ್ರೂ ಅನ್ಲಿ, ನಾವೂ ಅನ್ನೋಣ. ಮನೆಯೋರ್ನ ಎಳೀಬಾರ್ದು ಮಾ."

"ಎಳ್ದಿದ್ಕೇ ಆಪಾ ಅವ್ನ್ ಬಾಯ್ ಬಿಟ್ಟಿದ್ದು."

ವಾಜಿದಾ ಸೂಜಿಗೆ ದಾರ ಏರಿಸಿದರು. ಅವತ್ತು ನಮಗೆ ಚಹಾ ತರಿಸಲಿಲ್ಲ.

ಬೋರ್ಡು ಇಳಿದ ಮೇಲೆ ನರೇಶ್ ಗರುಡಾಚಾರ್‌ಪಾಳ್ಯದ ಮನೆಗೆ ಬಂದ. ನಾನು ಅವತ್ತು ಅಲ್ಲೇ ಇದ್ದೆ. ಕೋಟು ಇರಲಿಲ್ಲ, ಇಸ್ತ್ರಿ ಇಲ್ಲದ ಟೀ ಶರ್ಟು. ಜಗಲಿಯ ಮೇಲೆ ಮುನಿಆಂಜನಪ್ಪ ಕೂತಿದ್ದರು. ಯಾರೆಂದು ಗೊತ್ತಿಲ್ಲದೆ, "ಬಾಪ್ಪಾ, ಕೂತ್ಕೊ" ಎಂದು ಜಾಗ ಬಿಟ್ಟರು. ಅವನು ನಿಂತೇ ಇದ್ದ.

"ಅಕ್ಕಾ, ಅದನ್ನ ತೆಗೀರಿ. ನಾನ್ ನಿಮ್ದು ತೆಗ್ದಿದೀನಿ. ನಂಗಾಗಿದ್ದು ಆಗ್ಲಿ. ಸಂತೇಲಿ ನಮ್ಮಪ್ಪಂಗೆ ಜನ ಮೊಬೈಲ್ ಹಿಡ್ದು ತೋರಿಸ್ತಾರೆ. 'ನಿಮ್ ಮಗ ಪೈವ್ ಅಂತಾನಂತೆ' ಅಂತಾರೆ. ಅವ್ರು ಗಾಡಿ ಹಾಕೋದೇ ಬಿಟ್ಟಿದಾರೆ."

ಸುಕನ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಪಿಪ್ಟಿ ಅಕ್ಕ ಅನ್ನೋ ಹೆಸ್ರು ಮರ್ತಿರೋನು ಈ ಊರಲ್ಲಿ ಒಬ್ಬ ಇದ್ರೆ ಕರ್ಕೊಂಡ್ ಬಾ. ಒಬ್ಬ ಸಾಕು. ಅವತ್ತು ತೆಗೀತೀನಿ."

"ಅದ್ ಹೆಂಗ್ ಅಕ್ಕಾ ಆಗುತ್ತೆ?"

"ಆಗಲ್ಲ ಅಲ್ವಾ? ಅದೇ ನಾನೂ ಹೇಳ್ತಿರೋದು."

ಮುನಿಆಂಜನಪ್ಪ ಒಳಗೆ ನೋಡಿ, "ರಾಮಲಕ್ಷ್ಮೀ, ಒಂದ್ ಲೋಟ ಮಜ್ಜಿಗೆ ತಾರಮ್ಮ" ಎಂದು ಹೆಂಡತಿಯನ್ನು ಕೂಗಿದರು. ರಾಮಲಕ್ಷ್ಮಮ್ಮ ಲೋಟ ಹಿಡಿದು ಹೊಸ್ತಿಲವರೆಗೆ ಬಂದರು. ಸುಕನ್ಯ ತಾಯಿಯ ಕೈಯಿಂದ ಲೋಟ ತೆಗೆದುಕೊಂಡು ಒಳಗಿಟ್ಟಳು. ನರೇಶ್ ಅದನ್ನು ನೋಡಿದ. ಗೇಟು ದಾಟಿ ಹೋದ.

"ಬಾಗ್ಲಿಗ್ ಬಂದೋನ್ಗೆ ಬಾಯಾರ್ಕೆಗ್ ಕೊಡ್ದೆ ಕಳ್ಸಿದ್ದು ಈ ಮನೇಲಿ ಇದೇ ಮೊದ್ಲು" ಎಂದರು ಮುನಿಆಂಜನಪ್ಪ.

"ಈ ಮನೆ ಹೆಣ್ಮಗಳ ಬಾಯಿಗೆ ಊರು ನಕ್ಕಿದ್ದೂ ಮೊದ್ಲೇ ಅಪ್ಪ" ಎಂದಳು ಸುಕನ್ಯ.

ಅವನಿಗೆ ಅನ್ಯಾಯವಾಯಿತೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಂಜನಮೂರ್ತಿಯವರನ್ನು ನಾನು ನೋಡಿಲ್ಲ. ಅವರಿಗಾದದ್ದು ಮಾತ್ರ ನನ್ನನ್ನು ಚುಚ್ಚುತ್ತದೆ. ಸುಕನ್ಯಳನ್ನು ಒಮ್ಮೆ ಕೇಳಿದೆ. "ಮುದುಕ್ರಿಗೆ ಪಾಪ ಅನ್ಸುತ್ತೆ" ಎಂದಳು. ಸ್ಕೂಟರಿನ ಕೀಲಿ ತಿರುಗಿಸುತ್ತಾ, "ಆದ್ರೂ ತೆಗ್ಯಲ್ಲ" ಎಂದಳು. ನರೇಶ್ ಈಗ ಬೇರೆ ಕಡೆ, ಹೊಸೂರು ದಾಟಿ ಎಲ್ಲೋ ಇದ್ದಾನೆಂದು ಮುನಿವೆಂಕಟಪ್ಪ ಹೇಳುತ್ತಾರೆ.

ಸುಕನ್ಯ ಈಗ ಹಲಸೂರಿನ ಒಂದು ಕಣ್ಣಿನ ಆಸ್ಪತ್ರೆಯ ಮುಂಭಾಗದ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಬಂದವರ ಹೆಸರು ಬರೆಸಿಕೊಂಡು, ಕನ್ನಡ, ದಖನಿ, ಇಂಗ್ಲಿಷ್ ಯಾವುದರಲ್ಲಿ ಕೇಳಿದರೆ ಅದರಲ್ಲಿ, ಯಾವ ಕೋಣೆಗೆ ಹೋಗಬೇಕೆಂದು ಹೇಳುತ್ತಾಳೆ.